ಕನ್ನಡಿ ತೆಗೆದ ಮೇಲೆ ಉಳಿದ 16 ಮಿಲಿಮೀಟರ್

1959ರಲ್ಲಿ ಬಂದ ನಿಕಾನ್ ಎಫ್ ಕ್ಯಾಮೆರಾಕ್ಕೆ 21 ಮಿ.ಮೀ.ನ ಒಂದು ವೈಡ್ ಲೆನ್ಸ್ ಇತ್ತು. ಅದನ್ನು ಹಾಕುವ ಮೊದಲು ಕ್ಯಾಮೆರಾದೊಳಗಿನ ಕನ್ನಡಿಯನ್ನು ಮೇಲಕ್ಕೆತ್ತಿ ಅಲ್ಲೇ ನಿಲ್ಲಿಸಬೇಕಿತ್ತು. ಲೆನ್ಸಿನ ಹಿಂಭಾಗ ಕನ್ನಡಿ ಏಳುವ ಜಾಗದೊಳಕ್ಕೇ ಚಾಚಿಕೊಂಡಿರುತ್ತಿತ್ತು. ಕನ್ನಡಿ ಮೇಲೆ ಹೋದರೆ ವ್ಯೂಫೈಂಡರಿನಲ್ಲಿ ಏನೂ ಕಾಣದು. ಹಾಗಾಗಿ ಕ್ಯಾಮೆರಾದ ನೆತ್ತಿಗೆ ಬೇರೊಂದು ಪುಟ್ಟ ವ್ಯೂಫೈಂಡರ್ ಸಿಕ್ಕಿಸಿ, ಅದರಲ್ಲಿ ಅಂದಾಜು ನೋಡಿ, ದೂರವನ್ನು ಲೆನ್ಸಿನ ಮೇಲಿನ ಗುರುತಿನಿಂದ ಹೊಂದಿಸಿ ಫೋಟೊ ತೆಗೆಯಬೇಕಿತ್ತು. ಜಗತ್ತಿನ ಅತ್ಯುತ್ತಮ ಎಸ್‌ಎಲ್‌ಆರ್ (ಕನ್ನಡಿಯ ಮೂಲಕ ಲೆನ್ಸಿನ ದೃಶ್ಯ ತೋರಿಸುವ ಕ್ಯಾಮೆರಾ) ಅನ್ನಿಸಿಕೊಂಡದ್ದರಲ್ಲಿ, ಒಂದು ಒಳ್ಳೆಯ ವೈಡ್ ಲೆನ್ಸಿಗಾಗಿ ಕನ್ನಡಿಯ ಉಪಯೋಗವನ್ನೇ ಬಿಟ್ಟುಕೊಡಬೇಕಾಗಿತ್ತು.

ಇವತ್ತು ಮಿರರ್‌ಲೆಸ್, ಅಂದರೆ ಕನ್ನಡಿಯಿಲ್ಲದ ಕ್ಯಾಮೆರಾ, ಕೊಳ್ಳಲು ಹೊರಟ ಹವ್ಯಾಸಿಗಳು ನನ್ನನ್ನು ಕೇಳುವುದು ಬಾಡಿಯ ಬಗ್ಗೆ. ಎಷ್ಟು ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಫ್ರೇಮ್, ವಿಡಿಯೊ 4ಕೆ ಇದೆಯೇ. ನಾನು ಅವರಿಗೆ ಮೊದಲು ಹೇಳುವುದು ಈ 21 ಮಿ.ಮೀ. ಲೆನ್ಸಿನ ಕಥೆ. ಕ್ಯಾಮೆರಾದ ಮುಂಭಾಗದಲ್ಲಿ ಲೆನ್ಸ್ ಕೂರುವ ಲೋಹದ ಬಳೆಯಿದೆಯಲ್ಲ, ಆ ಮೌಂಟಿನಿಂದ ಸೆನ್ಸರಿಗೆ ಎಷ್ಟು ದೂರ ಎಂಬುದರಲ್ಲೇ ಈ ಎಪ್ಪತ್ತು ವರ್ಷಗಳ ಚರಿತ್ರೆಯ ಬಹುಪಾಲು ಅಡಗಿದೆ. ಕೊಳ್ಳುವವರ ಮುಂದಿನ ಹತ್ತು ವರ್ಷಗಳ ಖರ್ಚೂ ಅದರ ಮೇಲೆಯೇ ನಿಂತಿದೆ.

ಕನ್ನಡಿ ಬಂದದ್ದು ಒಳ್ಳೆಯ ಕಾರಣಕ್ಕೇ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾದಲ್ಲಿ ಕಣ್ಣು ನೋಡುವ ಕಿಂಡಿ ಬೇರೆ, ಫಿಲ್ಮಿಗೆ ಬೆಳಕು ಬಿಡುವ ಲೆನ್ಸ್ ಬೇರೆ. ದೂರದ ದೃಶ್ಯಕ್ಕೆ ಅದರಿಂದ ತೊಂದರೆಯಿಲ್ಲ. ಹತ್ತಿರದ ಹೂವಿಗೆ, ಉದ್ದನೆಯ ಟೆಲಿ ಲೆನ್ಸಿಗೆ ಅದು ಸಾಲದು. 1936ರಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲಿ ತಯಾರಾದ ಕಿನೆ ಎಕ್ಸಾಕ್ಟಾ, ಲೆನ್ಸ್ ಕಂಡದ್ದನ್ನೇ ಕಣ್ಣಿಗೆ ತೋರಿಸಲು ನಡುವೆ ಓರೆಯಾಗಿ ಕನ್ನಡಿ ಇಟ್ಟಿತು. ಬಟನ್ ಒತ್ತಿದರೆ ಕನ್ನಡಿ ಮೇಲೆ ಹಾರುತ್ತಿತ್ತು, ಮುಂದಿನ ಫ್ರೇಮಿಗೆ ಫಿಲ್ಮ್ ಸುತ್ತುವವರೆಗೆ ಕೆಳಗೆ ಇಳಿಯುತ್ತಿರಲಿಲ್ಲ. ಅಷ್ಟು ಹೊತ್ತೂ ಕಣ್ಣಿಗೆ ಕತ್ತಲೆ. ಹಂಗೇರಿಯ ಡುಫ್ಲೆಕ್ಸ್ ಎಂಬ ಕ್ಯಾಮೆರಾ ಇದಕ್ಕೆ ಮೊದಲೇ ಪರಿಹಾರ ಕಂಡುಕೊಂಡಿತ್ತಾದರೂ, ತಾನಾಗಿ ತಕ್ಷಣ ಕೆಳಗಿಳಿಯುವ ಕನ್ನಡಿಯನ್ನು ಜಗತ್ತಿಗೆ ರೂಢಿ ಮಾಡಿಸಿದ್ದು 1954ರಲ್ಲಿ ಜಪಾನಿನ ಅಸಾಹಿ ಕಂಪನಿ, ಮುಂದೆ ಪೆಂಟಾಕ್ಸ್ ಎಂದು ಹೆಸರಾದದ್ದು. ಅದಾಗಿ ಐದು ವರ್ಷಕ್ಕೆ ನಿಕಾನ್ ಎಫ್ ಬಂತು. ಅರ್ಧ ಶತಮಾನ ಗಂಭೀರ ಛಾಯಾಗ್ರಹಣವೆಂದರೆ ಎಸ್‌ಎಲ್‌ಆರ್ ಎಂದೇ ಆಯಿತು. ನಮ್ಮಲ್ಲಿ ಟಿ.ಎನ್.ಎ. ಪೆರುಮಾಳ್ ಅವರಂಥವರು ಕಾಡಿನ ಚಿತ್ರಗಳನ್ನು, ಮೂಡಿಗೆರೆಯ ತೇಜಸ್ವಿ ಹಕ್ಕಿಗಳ ಚಿತ್ರಗಳನ್ನು ತೆಗೆದದ್ದೂ ಆ ಫಿಲ್ಮ್ ಯುಗದಲ್ಲೇ.

ಆದರೆ ಕನ್ನಡಿ ಮೇಲೆ ಕೆಳಗೆ ಆಡಲು ಜಾಗ ಬೇಕು. ನಿಕಾನ್ ಎಫ್ ಮೌಂಟಿನಲ್ಲಿ ಮೌಂಟಿನಿಂದ ಫಿಲ್ಮಿಗೆ 46.5 ಮಿ.ಮೀ., 1987ರ ಕ್ಯಾನನ್ ಇಎಫ್‌ನಲ್ಲಿ 44. ಟೆಲಿ ಲೆನ್ಸಿಗೆ ಈ ದೂರ ಲೆಕ್ಕಕ್ಕಿಲ್ಲ. ವೈಡ್ ಲೆನ್ಸಿಗೆ ಇದೇ ದೊಡ್ಡ ತೊಡಕು. 24 ಮಿ.ಮೀ. ಲೆನ್ಸ್ ಸಹಜವಾಗಿ ಫಿಲ್ಮಿಗೆ ತೀರಾ ಹತ್ತಿರ ಕೂರಬೇಕು, ಅಲ್ಲಿ ಕನ್ನಡಿ ಅಡ್ಡ. ಹಾಗಾಗಿ ಮುಂದುಗಡೆ ದೊಡ್ಡ ಗಾಜುಗಳನ್ನಿಟ್ಟು, ಬೆಳಕನ್ನು ಹರಡಿ, ಹಿಂದೆ ಮತ್ತೆ ಕೂಡಿಸಿ ಬಿಂಬವನ್ನು ದೂರಕ್ಕೆ ತಳ್ಳಬೇಕಾಯಿತು. ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ ರೆಟ್ರೊಫೋಕಸ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದದ್ದು ಈ ಉಪಾಯವನ್ನೇ. ಉಪಾಯ ಸರಿ, ಆದರೆ ಲೆನ್ಸ್ ದಪ್ಪವಾಯಿತು, ತೂಕವಾಯಿತು, ಅಂಚುಗಳಲ್ಲಿ ಚಿತ್ರ ಮಸುಕಾಗದಂತೆ ನೋಡಿಕೊಳ್ಳುವುದು ದುಬಾರಿಯ ಕೆಲಸವಾಯಿತು. ಆ 21 ಮಿ.ಮೀ. ಲೆನ್ಸಿಗೆ ಕನ್ನಡಿ ಎತ್ತಿ ನಿಲ್ಲಿಸಿದ್ದರಿಂದ ನಿಕಾನಿಗೆ ಈ ಬೆಲೆ ಕೊಡುವುದು ತಪ್ಪಿತ್ತು.

ಡಿಜಿಟಲ್ ಬಂದಾಗ ಕನ್ನಡಿ ಹೋಗಬಹುದಿತ್ತು, ಹೋಗಲಿಲ್ಲ. ಸೆನ್ಸರ್ ಕಂಡದ್ದನ್ನು ಕಣ್ಣಿಗೆ ತಡವಿಲ್ಲದೆ ತೋರಿಸಬಲ್ಲ ಪುಟ್ಟ ಪರದೆ ಇರಲಿಲ್ಲ, ಸೆನ್ಸರಿನಿಂದಲೇ ವೇಗವಾಗಿ ಫೋಕಸ್ ಮಾಡುವ ವಿಧಾನವೂ ಬಂದಿರಲಿಲ್ಲ. 2004ರ ಎಪ್ಸನ್ ಆರ್‌ಡಿ1ರಲ್ಲಿ ಕನ್ನಡಿ ಇರಲಿಲ್ಲ, ಆದರೆ ಅದು ಹಳೆಯ ಲೈಕಾದ ದಾರಿಯಲ್ಲೇ ಪಕ್ಕದ ಕಿಂಡಿಯಿಂದ ನೋಡುವ ಕ್ಯಾಮೆರಾ. ನಿಜವಾದ ತಿರುವು 2008ರ ಆಗಸ್ಟಿನಲ್ಲಿ. ಒಲಿಂಪಸ್ ಮತ್ತು ಪ್ಯಾನಸಾನಿಕ್ ಸೇರಿ ಮೈಕ್ರೊ ಫೋರ್ ಥರ್ಡ್ಸ್ ಎಂಬ ಮೌಂಟನ್ನು ಘೋಷಿಸಿದವು. ಹಿಂದಿನ ಫೋರ್ ಥರ್ಡ್ಸ್ ಎಸ್‌ಎಲ್‌ಆರ್‌ಗಳ ಸೆನ್ಸರ್ ಅಳತೆಯನ್ನೇ ಉಳಿಸಿಕೊಂಡು, ಕನ್ನಡಿ ತೆಗೆದು, ಲೆನ್ಸನ್ನು ಅರ್ಧದಷ್ಟು ಹತ್ತಿರಕ್ಕೆ, 19.25 ಮಿ.ಮೀ.ಗೆ ತಂದಿದ್ದರು. ಮರು ತಿಂಗಳೇ ಪ್ಯಾನಸಾನಿಕ್ ಜಿ1 ಪ್ರಕಟವಾಯಿತು. ನೋಡಲು ಎಸ್‌ಎಲ್‌ಆರ್‌ನಂತೆಯೇ ಇತ್ತು, ಒಳಗೆ 14.4 ಲಕ್ಷ ಚುಕ್ಕೆಗಳ ಎಲೆಕ್ಟ್ರಾನಿಕ್ ವ್ಯೂಫೈಂಡರ್. ಮುಂದಿನ ವರ್ಷ ಒಲಿಂಪಸ್, ತನ್ನ 1959ರ ಪೆನ್ ಕ್ಯಾಮೆರಾದ ಐವತ್ತನೇ ವರ್ಷಕ್ಕೆ ಸರಿಯಾಗಿ ಇ-ಪಿ1 ತಂದಿತು. ಯೊಶಿಹಿಸಾ ಮೈತಾನಿ ವಿನ್ಯಾಸ ಮಾಡಿದ ಆ ಹಳೆಯ ಪೆನ್‌ನ ಅಂದವೇ ಇದರಲ್ಲೂ.

ದೊಡ್ಡ ಕಂಪನಿಗಳು ಆಗ ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಾಗಲೂ ಅರೆಮನಸ್ಸಿನಿಂದ. ಹವ್ಯಾಸಿಗಳು ಹೆಚ್ಚು ಕೈಸುಟ್ಟುಕೊಂಡದ್ದು ಈ ಅವಧಿಯಲ್ಲೇ, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ. 2010ರಲ್ಲಿ ಸ್ಯಾಮ್‌ಸಂಗ್ ಎನ್‌ಎಕ್ಸ್ ಬಂತು. ಒಳ್ಳೆಯ ಲೆನ್ಸುಗಳಿದ್ದವು, ಹತ್ತು ವರ್ಷ ತುಂಬುವ ಮೊದಲೇ ನಿಂತಿತು. 2011ರಲ್ಲಿ ನಿಕಾನ್ 1 ಎಂಬ ಪುಟ್ಟ ಸೆನ್ಸರಿನ ಸರಣಿ ಬಂತು. ಸೆನ್ಸರಿನ ಮೇಲೇ ಫೋಕಸ್ ಬಿಂದುಗಳಿದ್ದ ಆ ಕ್ಯಾಮೆರಾ ತನ್ನ ಕಾಲಕ್ಕಿಂತ ಮುಂದಿತ್ತು, 2018ಕ್ಕೆ ಕೊನೆಯಾಯಿತು. 2012ರ ಕ್ಯಾನನ್ ಇಒಎಸ್ ಎಂ ಸರಣಿ 2023ರವರೆಗೆ ಎಳೆದಾಡಿತು. ಈ ಮೌಂಟುಗಳ ಬಾಡಿಗಳು ಇಂದಿಗೂ ಚಿತ್ರ ತೆಗೆಯುತ್ತವೆ. ಆದರೆ ಅವುಗಳ ಲೆನ್ಸುಗಳಿಗೆ ಹೊಸ ಬಾಡಿ ಇಲ್ಲ, ಬಾಡಿಗಳಿಗೆ ಆ ಕಂಪನಿಗಳ ಹೊಸ ಲೆನ್ಸ್ ಇಲ್ಲ. ಹಳೆಯದು ಅಗ್ಗವಾಗಿ ಸಿಕ್ಕಿತೆಂದು ಇವುಗಳ ಕಡೆ ಕೈ ಚಾಚುವ ಮುನ್ನ ಯೋಚಿಸಬೇಕು.

ಆಟದ ದಿಕ್ಕು ಬದಲಿಸಿದ್ದು ಸೋನಿ. 2010ರಲ್ಲಿ ಎನ್‌ಇಎಕ್ಸ್ ಕ್ಯಾಮೆರಾಗಳ ಜೊತೆ 18 ಮಿ.ಮೀ. ದೂರದ ಇ-ಮೌಂಟ್ ತಂದು, ಮರುವರ್ಷ ಅದರ ಮೂಲ ವಿವರಗಳನ್ನು ಬೇರೆ ಲೆನ್ಸ್ ತಯಾರಕರಿಗೂ ತೆರೆದಿಟ್ಟಿತು. 2013ರಲ್ಲಿ ಅದೇ ಮೌಂಟಿನೊಳಗೆ 36×24 ಮಿ.ಮೀ.ನ ಫುಲ್ ಫ್ರೇಮ್ ಸೆನ್ಸರ್ ಕೂರಿಸಿ ಎ7 ಬಿಡುಗಡೆ ಮಾಡಿತು. ಸಿಗ್ಮಾ, ಟ್ಯಾಮ್ರಾನ್ ಲೆನ್ಸುಗಳು ಸಾಲಾಗಿ ಬಂದವು. ನಿಕಾನ್, ಕ್ಯಾನನ್ ಎಚ್ಚೆತ್ತು ಪೂರ್ಣ ಮನಸ್ಸಿನಿಂದ ಇಳಿದದ್ದು 2018ರಲ್ಲಿ: ನಿಕಾನ್ ಝಡ್ ಮೌಂಟ್ 16 ಮಿ.ಮೀ., ಕ್ಯಾನನ್ ಆರ್‌ಎಫ್ 20. ಅದೇ ವರ್ಷ ಲೈಕಾ, ಪ್ಯಾನಸಾನಿಕ್, ಸಿಗ್ಮಾ ಎಲ್-ಮೌಂಟಿಗೆ ಕೈಜೋಡಿಸಿದವು. 2020ರ ಹೊತ್ತಿಗೆ ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ ಮಿರರ್‌ಲೆಸ್ ಸಾಗಣೆ ಡಿಎಸ್‌ಎಲ್‌ಆರ್ (ಡಿಜಿಟಲ್ ಎಸ್‌ಎಲ್‌ಆರ್) ಸಾಗಣೆಯನ್ನು ಹಿಂದಿಕ್ಕಿತು. 2021ರ ನಿಕಾನ್ ಝಡ್9ರಲ್ಲಿ ಕನ್ನಡಿಯ ಜೊತೆಗೆ ಯಾಂತ್ರಿಕ ಶಟರ್ ಕೂಡ ಇರಲಿಲ್ಲ.

ಕನ್ನಡಿ ಹೋದದ್ದರಿಂದ ಹವ್ಯಾಸಿಗೆ ಸಿಕ್ಕ ನಿಜವಾದ ಲಾಭ ಬಾಡಿ ಚಿಕ್ಕದಾದದ್ದಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಕನ್ನಡಿಯ ಕೆಳಗೆ ಬೇರೆಯೇ ಇರುತ್ತಿತ್ತು. ಅದಕ್ಕೂ ಮುಖ್ಯ ಸೆನ್ಸರಿಗೂ ಕೂದಲೆಳೆ ವ್ಯತ್ಯಾಸ ಬಂದರೆ ಕಣ್ಣಿನ ಬದಲು ಕಿವಿ ಫೋಕಸ್ ಆಗುತ್ತಿತ್ತು. ಈಗ ಚಿತ್ರ ತೆಗೆಯುವ ಸೆನ್ಸರೇ ಫೋಕಸನ್ನೂ ಅಳೆಯುತ್ತದೆ, ಹಾಗಾಗಿ ಆ ವ್ಯತ್ಯಾಸಕ್ಕೆ ಎಡೆಯೇ ಇಲ್ಲ. ಇಡೀ ಫ್ರೇಮನ್ನು ಸದಾ ನೋಡುತ್ತಿರುವುದರಿಂದ ಅದು ಮನುಷ್ಯನ ಕಣ್ಣು, ಹಕ್ಕಿಯ ಕಣ್ಣು ಹುಡುಕಿ ಹಿಡಿಯಬಲ್ಲದು. ಎಕ್ಸ್‌ಪೋಷರ್ ಹೆಚ್ಚಾದರೆ ಒತ್ತುವ ಮೊದಲೇ ವ್ಯೂಫೈಂಡರಿನಲ್ಲಿ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ.

ಕಳೆದುಕೊಂಡದ್ದೂ ಇದೆ. ಪರದೆ, ಸೆನ್ಸರ್ ಸದಾ ಉರಿಯುವುದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ. ಡಿಎಸ್‌ಎಲ್‌ಆರ್ ಒಂದು ಚಾರ್ಜಿನಲ್ಲಿ ಸಾವಿರದ ಹತ್ತಿರ ಚಿತ್ರ ಕೊಡುತ್ತಿದ್ದರೆ, ಆರಂಭಿಕ ಮಟ್ಟದ ಮಿರರ್‌ಲೆಸ್‌ಗಳು ಕೊಡುವುದು ಮುನ್ನೂರು ನಾನೂರು. ಬಾಡಿಯ ಜೊತೆಗೇ ಇನ್ನೊಂದು ಬ್ಯಾಟರಿ ಕೊಳ್ಳಿ. ಅಗ್ಗದ ಬಾಡಿಗಳಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಹಾರುವ ಹಕ್ಕಿಯ ರೆಕ್ಕೆ ಬಾಗಿಬರುತ್ತದೆ, ಎಲ್‌ಇಡಿ ದೀಪದ ಕೆಳಗೆ ಚಿತ್ರದಲ್ಲಿ ಪಟ್ಟೆ ಮೂಡುತ್ತದೆ. ರಂಗನತಿಟ್ಟಿನ ರಿವರ್ ಟರ್ನ್‌ಗಳಿಗೆ, ಯಕ್ಷಗಾನದ ರಂಗಸ್ಥಳಕ್ಕೆ ಯಾಂತ್ರಿಕ ಶಟರೇ ಇರಲಿ.

ಹಾಗಾದರೆ ಯಾವುದನ್ನು ಕೊಳ್ಳುವುದು? ಬಾಡಿಯನ್ನು ಬಿಟ್ಟು, ನಿಮಗೆ ಬೇಕಾದ ಎರಡು ಲೆನ್ಸುಗಳ ಹೆಸರನ್ನು ಮೊದಲು ಬರೆದುಕೊಳ್ಳಿ. ಮನೆ, ಹಬ್ಬ, ಪ್ರವಾಸಕ್ಕೆ ಒಂದು. ನಿಮ್ಮ ಹುಚ್ಚು ಯಾವುದೋ ಅದಕ್ಕೆ ಇನ್ನೊಂದು. ಅವೆರಡೂ ನಿಮ್ಮ ದುಡ್ಡಿಗೆ ಯಾವ ಮೌಂಟಿನಲ್ಲಿ ಸಿಗುತ್ತವೋ ಆ ಮೌಂಟಿನ ಬಾಡಿ ನಿಮ್ಮದು. ಬಾಡಿ ಐದಾರು ವರ್ಷದಲ್ಲಿ ಹಳತಾಗುತ್ತದೆ, ಒಳ್ಳೆಯ ಲೆನ್ಸ್ ಎರಡು ಮೂರು ಬಾಡಿಗಳನ್ನು ಕಾಣುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಕ್ರಾಪ್ ಸೆನ್ಸರಿನ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಬಾಡಿಗಳಿಗಾಗಿ ಮಾಡಿದ ಸಿಗ್ಮಾ 18-50 ಎಫ್/2.8 ಮುನ್ನೂರು ಗ್ರಾಮಿಗೂ ಕಡಿಮೆ ತೂಗುವ, ಮನೆಯೊಳಗಿನ ಬೆಳಕಿಗೂ ಸಾಲುವ ಲೆನ್ಸ್. 2021ರಲ್ಲಿ ಸೋನಿ ಮತ್ತು ಎಲ್-ಮೌಂಟಿಗೆ ಬಂತು, ಆಮೇಲೆ ಫ್ಯೂಜಿ ಕ್ಯಾಮೆರಾಗಳಿಗೆ. ಕ್ಯಾನನ್ ತನ್ನ ಬಾಗಿಲನ್ನು 2024ರಲ್ಲಷ್ಟೇ ತೆರೆದದ್ದರಿಂದ ಆರ್‌ಎಫ್‌ಗೆ ಬಂದದ್ದು ಆ ವರ್ಷ. ಅಲ್ಲಿಯವರೆಗೆ ಕ್ಯಾನನ್ ಆರ್10 ಕೊಂಡವರಿಗೆ ಬಾಡಿ ಎಷ್ಟೇ ಚುರುಕಾಗಿದ್ದರೂ ಅಂಥ ಲೆನ್ಸ್ ಇರಲಿಲ್ಲ. ಬಾಡಿಗಳ ವಿಮರ್ಶೆ ಓದಿ ಕೊಳ್ಳುವವರಿಗೆ ಇದು ಕಾಣುವುದೇ ಇಲ್ಲ.

ಫುಲ್ ಫ್ರೇಮ್ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಹೆಚ್ಚಿನ ಹವ್ಯಾಸಿಗಳಿಗೆ ಬೇಡ. ಮೊದಲ ಸೋನಿ ಎ7 ಅರ್ಧ ಕೆ.ಜಿ.ಗೂ ಕಡಿಮೆ ತೂಗುತ್ತಿತ್ತು. ಅದಕ್ಕೆ 2016ರಲ್ಲಿ ಬಂದ 24-70 ಎಫ್/2.8 ಲೆನ್ಸಿನ ತೂಕ 886 ಗ್ರಾಂ. ಕನ್ನಡಿ ತೆಗೆದರೂ ಗಾಜಿನ ನಿಯಮ ಬದಲಾಗಿಲ್ಲ. ದೊಡ್ಡ ಸೆನ್ಸರಿಗೆ ಬೆಳಕು ತುಂಬಲು ದೊಡ್ಡ ಗಾಜೇ ಬೇಕು. ಮೈಕ್ರೊ ಫೋರ್ ಥರ್ಡ್ಸ್ ಸೆನ್ಸರಿನ ವಿಸ್ತೀರ್ಣ ಫುಲ್ ಫ್ರೇಮಿನ ಸುಮಾರು ಕಾಲು ಭಾಗ, ಸಂಜೆಯ ಬೆಳಕಿನಲ್ಲಿ ಕಾಳು ಕಾಳಾಗುವುದು ಬೇಗ, ನಿಜ. ಆದರೆ ಅದರಲ್ಲಿ 300 ಮಿ.ಮೀ. ಲೆನ್ಸ್ 600ರಷ್ಟು ಹತ್ತಿರ ತೋರಿಸುತ್ತದೆ. ಕಬಿನಿಯ ಸಫಾರಿ ಜೀಪಿನಲ್ಲಿ ಟ್ರೈಪಾಡ್ ಇಡಲು ಜಾಗವಿಲ್ಲ. ಎರಡು ಕೆ.ಜಿ. ದಾಟುವ ಸೋನಿ 200-600 ಅನ್ನು ಮೂರು ಗಂಟೆ ಹಿಡಿದವರ ತೋಳನ್ನು ಕೇಳಿ. ರಾಜ್ಯದ ಕೆಲವು ಸಫಾರಿಗಳಲ್ಲಿ ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುತ್ತಾರೆ, ಅದೂ ನೆನಪಿರಲಿ. ರಂಗನತಿಟ್ಟಿನಲ್ಲಿ ದೋಣಿಯು ಬಣ್ಣದ ಕೊಕ್ಕರೆಗಳ ಬಳಿಗೇ ಹೋಗುವುದರಿಂದ ಕ್ರಾಪ್ ಬಾಡಿಗೆ 300 ಮಿ.ಮೀ. ಧಾರಾಳ.

ಹಳೆಯ ಡಿಎಸ್‌ಎಲ್‌ಆರ್ ಲೆನ್ಸುಗಳಿರುವವರ ಲೆಕ್ಕವೇ ಬೇರೆ. ಇಲ್ಲಿ ಆ ಮಿಲಿಮೀಟರುಗಳು ನಮ್ಮ ಪಕ್ಷಕ್ಕಿವೆ. ನಿಕಾನಿನ ಹಳೆಯ 46.5ರಿಂದ ಹೊಸ 16 ಕಳೆದರೆ 30.5 ಉಳಿಯುತ್ತದೆ. ಎಫ್‌ಟಿಝಡ್ ಎಂಬ ಅಡಾಪ್ಟರ್ ತುಂಬುವುದು ಆ ಅಂತರವನ್ನೇ. ಆದರೆ ಅದರೊಳಗೆ ಮೋಟರ್ ಇಲ್ಲ. ನಮ್ಮ ಎಷ್ಟೋ ಹವ್ಯಾಸಿಗಳ ಚೀಲದಲ್ಲಿರುವ 50 ಎಫ್/1.8ಡಿ ಥರದ ಲೆನ್ಸುಗಳು ಬಾಡಿಯ ಮೋಟರನ್ನು ನಂಬಿದವು, ಅವುಗಳಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು. ಕ್ಯಾನನ್ ಇಎಫ್ ಲೆನ್ಸುಗಳಲ್ಲಿ ಮೊದಲಿನಿಂದ ಮೋಟರ್ ಲೆನ್ಸಿನೊಳಗೇ ಇದ್ದುದರಿಂದ ಅವುಗಳನ್ನು ಇಟ್ಟುಕೊಂಡವರಿಗೆ ಈ ತೊಂದರೆಯಿಲ್ಲ.

ಫಿಲ್ಮ್ ಕಾಲದ ಲೆನ್ಸುಗಳಿಗಂತೂ ಮಿರರ್‌ಲೆಸ್ ಎರಡನೇ ಜನ್ಮ ಕೊಟ್ಟಿದೆ. ಸೋವಿಯತ್ ಒಕ್ಕೂಟದ ಹೀಲಿಯೊಸ್ 44 ಇರಲಿ, ಅಪ್ಪನ ಕಾಲದ ಪೆಂಟಾಕ್ಸ್ ಇರಲಿ, ಅವುಗಳ ಮೌಂಟಿನ ದೂರ 45 ಮಿ.ಮೀ. ದಾಟಿದ್ದು. ಬರೀ ಲೋಹದ ಕೊಳವೆಯಂಥ ಅಗ್ಗದ ಅಡಾಪ್ಟರಿನಿಂದ ಯಾವ ಮಿರರ್‌ಲೆಸ್‌ಗೂ ಕೂರುತ್ತವೆ. ಫೋಕಸ್ ಆದ ಅಂಚುಗಳು ವ್ಯೂಫೈಂಡರಿನಲ್ಲಿ ಬಣ್ಣದಲ್ಲಿ ಮಿನುಗುತ್ತವೆ, ಬೇಕಾದ ಭಾಗವನ್ನು ಹಿಗ್ಗಿಸಿ ನೋಡಬಹುದು. ಇಂಥ ಹಳೆಯ ಲೆನ್ಸ್ ಕೊಳ್ಳುವಾಗ ಹಿಂಬದಿಯಿಂದ ಟಾರ್ಚ್ ಹಾಯಿಸಿ ಒಳಗಿನ ಗಾಜುಗಳನ್ನು ನೋಡಿ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಲೆನ್ಸಿನಲ್ಲಿ ಜೇಡರ ಬಲೆಯಂಥ ಫಂಗಸ್ ಎಳೆಗಳು ಕಂಡರೆ ಬಿಟ್ಟುಬಿಡಿ. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಲೆನ್ಸನ್ನು ಮೊದಲ ಸಲ ಹಾಕಿದಾಗ ಕ್ಯಾಮೆರಾಕ್ಕೆ ಅದರ ಇರುವೇ ಗೊತ್ತಾಗುವುದಿಲ್ಲ, ಎಷ್ಟೋ ಬಾಡಿಗಳಲ್ಲಿ ಬಟನ್ ಒತ್ತಿದರೂ ಶಟರ್ ಬೀಳದು. ಮೆನುವಿನಲ್ಲಿ ‘ಲೆನ್ಸ್ ಇಲ್ಲದಿದ್ದರೂ ಶಟರ್ ಬೀಳಲಿ’ ಎಂಬ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ಬಾಡಿಯೊಳಗೆ ಸ್ಟೆಬಿಲೈಸೇಷನ್ ಇದ್ದರೆ ಲೆನ್ಸಿನ ಫೋಕಲ್ ಲೆಂಗ್ತ್, ಹೀಲಿಯೊಸ್ 44ಕ್ಕಾದರೆ 58 ಎಂದು, ನೀವೇ ಬರೆದು ಕೊಡಬೇಕು.