ಊರ ಬೆಂಕಿಗೆ ಊರವರೇ ಕಾವಲು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಹೊರಟ ಗೃಹಸ್ಥನ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಗಾದೆಯು ಆ ಗೃಹಸ್ಥನ ಅವಿವೇಕವನ್ನು ಎತ್ತಿ ಆಡುವುದೇ ಹೊರತು, ಬಾವಿಯನ್ನು ಮೊದಲೇ ತೋಡಿಸಿಕೊಳ್ಳೆಂದು ಅವನಿಗೆ ತಿಳಿಯಹೇಳುವ ಹೊಣೆ ಯಾರದಾಗಿತ್ತೆಂಬುದನ್ನು ವಿಚಾರಿಸುವುದಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸಣ್ಣ ಊರುಗಳಲ್ಲಿ ಈ ಹೊಣೆಯನ್ನು ತಾವಾಗಿಯೇ ಹೊತ್ತುಕೊಂಡಿರುವ ಸಂಘಗಳುಂಟು. ಅವುಗಳ ಸದಸ್ಯರನ್ನು ಸ್ವಯಂಸೇವಕ ಅಗ್ನಿಶಾಮಕರೆಂದು ಕರೆಯುವರು. ಹಗಲೆಲ್ಲ ತಮ್ಮ ತಮ್ಮ ಕಸುಬನ್ನು ಮಾಡಿಕೊಂಡಿದ್ದು, ಎಲ್ಲಿಯಾದರೂ ಬೆಂಕಿ ಬಿದ್ದಿತೆಂಬ ಕೂಗು ಬಂದೊಡನೆ ಕೈಯಲ್ಲಿದ್ದುದನ್ನು ಬಿಟ್ಟು ಓಡತಕ್ಕವರು ಇವರು. ಅಮೆರಿಕಾ ಧನಿಕ ದೇಶವಾದ್ದರಿಂದ ಅಲ್ಲಿ ಸಕಲ ಕಾರ್ಯಗಳೂ ಸಂಬಳದ ನೌಕರರಿಂದಲೇ ನಡೆಯುವುವೆಂದು ಭಾವಿಸಿರುವ ವಾಚಕರಿಗೆ ಇದು ಸೋಜಿಗವಾಗಿ ತೋರಬಹುದು. ೨೦೨೦ನೆಯ ಇಸವಿಯ ಗಣನೆಯಂತೆ ಆ ದೇಶದ ಸುಮಾರು ೧೦ ಲಕ್ಷ ೪೧ ಸಾವಿರ ಅಗ್ನಿಶಾಮಕರಲ್ಲಿ ೬ ಲಕ್ಷ ೭೬ ಸಾವಿರಕ್ಕೂ ಹೆಚ್ಚು ಮಂದಿ, ಎಂದರೆ ನೂರಕ್ಕೆ ೬೫ ಮಂದಿ, ಇಂಥವರೇ ಆಗಿದ್ದರು.

ಈ ಪದ್ಧತಿಯ ಮೂಲವನ್ನು ಹುಡುಕಿಕೊಂಡು ಹೊರಟರೆ ಫಿಲಡೆಲ್ಫಿಯಾ ನಗರಕ್ಕೂ ಬೆಂಜಮಿನ್ ಫ್ರಾಂಕ್ಲಿನ್ನನ ಮುದ್ರಣಾಲಯಕ್ಕೂ ಹೋಗಬೇಕಾಗುತ್ತದೆ. ೧೭೩೫ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಫ್ರಾಂಕ್ಲಿನ್ನನು ತನ್ನದೇ ಆದ 'ಪೆನ್ಸಿಲ್ವೇನಿಯಾ ಗೆಜೆಟ್' ಪತ್ರಿಕೆಯಲ್ಲಿ ಒಂದು ಕಾಗದವನ್ನು ಅಚ್ಚುಮಾಡಿಸಿದನು. ಅದನ್ನು ಬರೆದವನು ಊರಿನ ವೃದ್ಧ ನಿವಾಸಿಯೊಬ್ಬನೆಂಬಂತೆ ತೋರಿಸಿದ್ದಿತು. ವಾಸ್ತವವಾಗಿ ಫ್ರಾಂಕ್ಲಿನ್ನನಿಗೆ ಆಗ ೨೯ ವರ್ಷ ವಯಸ್ಸು! ಮುದುಕರ ಮಾತಿಗೆ ಊರಿನಲ್ಲಿ ಬೆಲೆಯಿದ್ದ ಕಾಲ ಅದು. ನನ್ನಂಥವರು ಇದನ್ನು ಓದಿ ಸಂತೋಷಪಡಬಹುದು. ಆ ಕಾಗದದಲ್ಲಿದ್ದ ವಿಷಯವಾದರೂ ಗೃಹಕೃತ್ಯಕ್ಕೆ ಸೇರಿದುದು. ಉರಿಯುವ ಕೆಂಡವನ್ನು ತೆರೆದ ಸಲಿಕೆಯಲ್ಲಿಟ್ಟುಕೊಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯಕೂಡದು, ಮುಚ್ಚಳವಿರುವ ಪಾತ್ರೆಯಲ್ಲಿಯೇ ಒಯ್ಯಬೇಕು. ಇಲ್ಲದಿದ್ದರೆ ಕಿಡಿಗಳು ಹಲಗೆಯ ಸಂದಿನಲ್ಲಿ ಬಿದ್ದು ಒಳಗೊಳಗೇ ಬೆಳೆದು ನಡುರಾತ್ರಿಯಲ್ಲಿ ಮೇಲೇಳುವುವು. ಹೊಗೆಗೂಡುಗಳನ್ನು ಗುಡಿಸುವವರಿಗೆ ರಹದಾರಿಯನ್ನು ಕೊಟ್ಟು, ಗುಡಿಸಿದ ಕೆಲವು ದಿನಗಳಲ್ಲೇ ಗೂಡಿಗೆ ಬೆಂಕಿ ಹತ್ತಿದರೆ ಅವರಿಗೆ ದಂಡ ಹಾಕಬೇಕು — ಇಂಥ ಮಾತುಗಳು. ಮರುವರ್ಷ ೧೭೩೬ರ ಡಿಸೆಂಬರ್ ೭ರಂದು ಫ್ರಾಂಕ್ಲಿನ್ನನೂ ಅವನ ಸ್ನೇಹಿತರೂ ಸೇರಿ 'ಯೂನಿಯನ್ ಫೈರ್ ಕಂಪೆನಿ' ಎಂಬ ಸಂಘವನ್ನು ಸ್ಥಾಪಿಸಿದರು. ಸದಸ್ಯರಿಗೆ ೩೦ರ ಮಿತಿ. ಪ್ರತಿಯೊಬ್ಬನೂ ಚರ್ಮದ ಬಕೀಟುಗಳನ್ನೂ, ಸಾಮಾನುಗಳನ್ನು ತುಂಬಿ ಹೊರಸಾಗಿಸಲು ಚೀಲಗಳನ್ನೂ ಮನೆಯಲ್ಲಿ ಸಿದ್ಧವಾಗಿಟ್ಟಿರಬೇಕು, ತಿಂಗಳಿಗೊಮ್ಮೆ ಸಭೆ, ಗೈರುಹಾಜರಾದವರಿಗೆ ದಂಡ. ಹೊಸಬರು ಬಂದು ಸೇರಿಸಿಕೊಳ್ಳಿರೆಂದು ಕೇಳಿದಾಗ, ನೀವೇ ಇನ್ನೊಂದನ್ನು ಕಟ್ಟಿಕೊಳ್ಳಿರೆಂದು ಹೇಳಿದರು. ಹೀಗೆ ಒಂದರಿಂದ ಹಲವಾದವು.

ವಾಚಕರು ಇಲ್ಲಿ ಕಾಲಕ್ರಮವನ್ನು ಗಮನಿಸಬೇಕು. ಮೊದಲು ಕಾಗದ ಬಂದಿತು, ಆಮೇಲೆ ಬಕೀಟು. ಈ ಕ್ರಮವು ಇಂದಿಗೂ ಏಕೆ ಸರಿಯೆಂಬುದಕ್ಕೆ ಒಂದು ಸಣ್ಣ ಲೆಕ್ಕವಿದೆ. ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಎಂಬ ಪರೀಕ್ಷಾಸಂಸ್ಥೆಯವರು ಎರಡು ಕೋಣೆಗಳನ್ನು ಸಜ್ಜುಮಾಡಿ, ಒಂದರಲ್ಲಿ ಹಳೆಯ ಕಾಲದ ಮರ, ಹತ್ತಿ, ಉಣ್ಣೆಗಳ ಪೀಠೋಪಕರಣಗಳನ್ನೂ, ಮತ್ತೊಂದರಲ್ಲಿ ಈಗಿನ ಕೃತಕ ನೂಲು ಮತ್ತು ನೊರೆಯ ಮೆತ್ತೆಗಳ ಸಾಮಾನನ್ನೂ ಇಟ್ಟು ಬೆಂಕಿ ಹಚ್ಚಿ ನೋಡಿದರು. ಹಳೆಯ ಕೋಣೆಯು ಪೂರ್ಣವಾಗಿ ಜ್ವಾಲಾಮಯವಾಗಲು ಸುಮಾರು ೨೯ ನಿಮಿಷಗಳು ಹಿಡಿದವು. ಹೊಸ ಕೋಣೆಗೆ ೪ ನಿಮಿಷಗಳು ಸಹ ಬೇಕಾಗಲಿಲ್ಲ. ಇನ್ನು ಸ್ವಯಂಸೇವಕರು ಬಂದು ಮುಟ್ಟುವ ಹೊತ್ತನ್ನು ನೋಡೋಣ. ಮನೆಗಳು ವಿರಳವಾಗಿರುವ ಹಳ್ಳಿಗಾಡಿನಲ್ಲಿ ಕರೆ ಬಂದ ೧೪ ನಿಮಿಷಗಳೊಳಗೆ ೬ ಮಂದಿಯಾದರೂ ಸ್ಥಳದಲ್ಲಿರಬೇಕೆಂದೂ, ಹತ್ತರಲ್ಲಿ ಎಂಟು ಸಲವಾದರೂ ಇದು ಸಾಧ್ಯವಾಗಬೇಕೆಂದೂ ಅಲ್ಲಿನ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ ನಿಯಮ. ಕ್ಷೌರಿಕನು ಕತ್ತರಿಯನ್ನು ಕೆಳಗಿಟ್ಟು, ಸಂಘದ ಮನೆಗೆ ಓಡಿ, ಉಡುಪು ತೊಟ್ಟು, ಬಂಡಿಯನ್ನು ಹೊರಡಿಸಿ ಬರುವುದಕ್ಕೆ ಇದಕ್ಕಿಂತ ಬೇಗ ಹೇಗಾದೀತು? ನಾಲ್ಕು ನಿಮಿಷಕ್ಕೂ ಹದಿನಾಲ್ಕು ನಿಮಿಷಕ್ಕೂ ನಡುವೆ ಇರುವ ಈ ಹತ್ತು ನಿಮಿಷಗಳಲ್ಲಿ ಮನೆಯವರು ಬದುಕಿ ಹೊರಬರುವರೋ ಇಲ್ಲವೋ ಎಂಬುದು, ಅವರಿಗೆ ಮೊದಲೇ ಏನು ತಿಳಿದಿತ್ತೆಂಬುದನ್ನು ಅವಲಂಬಿಸಿರುತ್ತದೆ. ಸಂಘದ ಮುಖ್ಯರಾದವರಿಗೆ ಇದು ಚೆನ್ನಾಗಿ ಗೊತ್ತು. ಆದಕಾರಣವೇ ಅವರು ನೀರಿಗೆ ಎಷ್ಟು ಶ್ರಮಪಡುವರೋ ಮಾತಿಗೂ ಅಷ್ಟೇ ಶ್ರಮಪಡುವರು.

ನನ್ನ ಮಗಳ ಸಂಸಾರವು ಪೆನ್ಸಿಲ್ವೇನಿಯಾ ಸಂಸ್ಥಾನದ ಒಂದು ಸಣ್ಣ ಊರಿನಲ್ಲಿದೆ. ಕೆಲವು ವರ್ಷಗಳ ಹಿಂದೆ ನಾನು ಅಲ್ಲಿ ಆರು ತಿಂಗಳು ಇದ್ದಾಗ, ಮಾಡಲು ಬೇರೆ ಕೆಲಸವಿಲ್ಲದುದರಿಂದ ಸಂಘದ ಮನೆಯವರೆಗೆ ದಿನವೂ ನಡೆದು ಬರುತ್ತಿದ್ದೆನು. ಆ ಕಟ್ಟಡದ ಮುಂದೆ ಅಕ್ಷರಗಳನ್ನು ಕಿತ್ತು ಜೋಡಿಸಬಹುದಾದ ಒಂದು ಫಲಕವಿದೆ. ಹವೆಯು ಒಣಗಿದ ವಸಂತದಲ್ಲಿ, ತರಗೆಲೆಗಳನ್ನು ಸುಡಬಾರದೆಂಬ ಎಚ್ಚರಿಕೆ ಅದರಲ್ಲಿರುವುದು. ಚಳಿಗಾಲದಲ್ಲಿ, ಒಲೆಯ ಬೂದಿಯನ್ನು ಕಾಗದದ ಚೀಲಕ್ಕೆ ತುಂಬದೆ ಲೋಹದ ಡಬ್ಬಿಯಲ್ಲಿ ಮುಚ್ಚಿ ಮನೆಯಿಂದ ದೂರವಿಡಬೇಕೆಂದು ಬರೆದಿರುವುದು. ತಣ್ಣಗಾದಂತೆ ಕಾಣುವ ಬೂದಿಯೊಳಗೆ ಕೆಂಡವು ದಿನಗಟ್ಟಲೆ ಜೀವದಿಂದಿರಬಲ್ಲದಷ್ಟೆ. ಅಲ್ಲಿ ವರ್ಷಕ್ಕೆರಡು ಸಲ, ಮಾರ್ಚಿಯಲ್ಲಿಯೂ ನವೆಂಬರಿನಲ್ಲಿಯೂ, ದೇಶದ ಬಹುಭಾಗದಲ್ಲಿ ಗಡಿಯಾರದ ಮುಳ್ಳನ್ನು ಒಂದು ಗಂಟೆ ಹಿಂದುಮುಂದು ತಿರುಗಿಸುವ ಪದ್ಧತಿಯುಂಟು. ಆ ದಿನಗಳಲ್ಲಿ ಹೊಗೆಘಂಟೆಗಳ ಬ್ಯಾಟರಿಯನ್ನೂ ಬದಲಿಸಿರೆಂದು ಫಲಕವು ಹೇಳುತ್ತದೆ.

ಈ ಹೊಗೆಘಂಟೆಯ ವಿಚಾರವನ್ನು ನಮ್ಮ ಸೋದರಿಯರಿಗಾಗಿ ಸ್ವಲ್ಪ ವಿಸ್ತರಿಸುವೆನು. ಇದು ಮಾಳಿಗೆಗೆ ಅಂಟಿಸಿದ ಅಂಗೈಯಗಲದ ಬಿಲ್ಲೆ. ಹೊಗೆ ಸೋಕಿದರೆ ಕಿವಿ ಕಿವುಡಾಗುವಂತೆ ಕೂಗುವುದು. ಕೆಲಸ ಮಾಡುವ ಹೊಗೆಘಂಟೆಯಿರುವ ಮನೆಗಳಲ್ಲಿ ಬೆಂಕಿಯಿಂದಾಗುವ ಮರಣದ ಪ್ರಮಾಣವು ಅದಿಲ್ಲದ ಮನೆಗಳಲ್ಲಿರುವುದರ ಅರ್ಧಕ್ಕಿಂತಲೂ ಕಡಮೆಯೆಂದು ಲೆಕ್ಕದಿಂದ ತಿಳಿದಿದೆ. ಆದರೆ ಕನ್ನಡಿಗರ ಅಡಿಗೆಮನೆಗೂ ಈ ಬಿಲ್ಲೆಗೂ ಹುಟ್ಟುವೈರ. ಒಣಮೆಣಸಿನಕಾಯಿಯ ಒಗ್ಗರಣೆ ಚಟಪಟಗುಟ್ಟಿದೊಡನೆ ಅದು ಪ್ರಳಯ ಬಂದಂತೆ ಅರಚಲಾರಂಭಿಸುವುದು. ಗೃಹಿಣಿಯು ಬೇಸತ್ತು ಅದರ ಬ್ಯಾಟರಿಯನ್ನು ಕಿತ್ತು ಮೇಜಿನ ಖಾನೆಗೆ ಹಾಕುವಳು. ಅಲ್ಲಿಗೆ ಮನೆಯ ಕಾವಲು ಮುಗಿಯಿತು. ನನ್ನ ಮಗಳ ಮನೆಯಲ್ಲಿಯೂ ಹಾಗೆಯೇ ಆಗಿದ್ದಿತು. ಬೀದಿಯ ಮನೆಗಳನ್ನು ನೋಡಿಕೊಂಡು ಹೋಗಲು ಬಂದ ಇಬ್ಬರು ಸ್ವಯಂಸೇವಕರಲ್ಲಿ ಹಿರಿಯರಾದ ಹೆಂಗಸು — ಆಕೆ ಅಂಚೆ ಹಂಚುವ ಕೆಲಸದಲ್ಲಿದ್ದವರು — ಗದರಲಿಲ್ಲ, ನಗಲೂ ಇಲ್ಲ. ಒಲೆಯಿಂದ ಹತ್ತು ಅಡಿಗಳಿಗಿಂತ ದೂರಕ್ಕೆ ಅದನ್ನು ತಾವೇ ಏಣಿ ಹತ್ತಿ ಸ್ಥಳಾಂತರಿಸಿ ಕೊಟ್ಟು, ಕಾಯಿದ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಕೂಡದು, ಒಲೆಯನ್ನು ಆರಿಸಿ ಬಾಣಲೆಯ ಬಾಯನ್ನು ಮುಚ್ಚಳದಿಂದ ಮುಚ್ಚಬೇಕೆಂದು ಹೇಳಿದರು. ನೀರು ಬಿದ್ದರೆ ಎಣ್ಣೆಯ ಅಡಿಗೆ ಇಳಿದು, ಕ್ಷಣಮಾತ್ರದಲ್ಲಿ ಆವಿಯಾಗಿ ಉಬ್ಬಿ, ಉರಿಯುವ ಎಣ್ಣೆಯನ್ನು ಮೇಲಕ್ಕೆಸೆಯುವುದು. ಬೋಂಡ ಕರಿಯುವ ನಾಡಿನವರಾದ ನಾವು ಇದನ್ನು ಮಕ್ಕಳಿಗೆ ಪಾಠದಂತೆ ಕಲಿಸಬೇಕು. ರಾತ್ರಿ ಮಲಗುವಾಗ ಕೋಣೆಯ ಬಾಗಿಲನ್ನು ಮುಚ್ಚಿರಬೇಕೆಂಬುದು ಆಕೆ ಹೇಳಿದ ಮತ್ತೊಂದು ಮಾತು. ಮುಚ್ಚಿದ ಸಾಧಾರಣ ಬಾಗಿಲೊಂದು ಹೊಗೆಯನ್ನೂ ತಾಪವನ್ನೂ ಎಷ್ಟೋ ಹೊತ್ತು ತಡೆಯಬಲ್ಲದು.

ಅಕ್ಟೋಬರ್ ತಿಂಗಳಲ್ಲಿ ಅಲ್ಲಿ ಅಗ್ನಿನಿವಾರಣಾ ಸಪ್ತಾಹ ನಡೆಯುವುದು. ೧೮೭೧ರ ಅಕ್ಟೋಬರ್ ೮ರಂದು ಆರಂಭವಾದ ಚಿಕಾಗೋ ನಗರದ ಮಹಾದಹನದ ನೆನಪಿಗಾಗಿ ಇದು ೧೯೨೨ರಿಂದ ನಡೆದುಬಂದಿದೆ. ಅದೇ ರಾತ್ರಿ ವಿಸ್ಕಾನ್ಸಿನ್ನಿನ ಪೆಷ್ಟಿಗೋ ಎಂಬ ಸಣ್ಣ ಊರೂ ಸುತ್ತಣ ಕಾಡೂ ಉರಿದು ೧,೨೦೦ಕ್ಕೂ ಹೆಚ್ಚು ಜನ ಸತ್ತರು; ಚಿಕಾಗೋದಲ್ಲಿ ಸತ್ತವರು ಸುಮಾರು ೩೦೦. ಆದರೂ ಲೋಕವು ನೆನೆಯುವುದು ಚಿಕಾಗೋವನ್ನೇ. ತಂತಿಯೇ ಸುಟ್ಟುಹೋದ ಊರಿನ ಸುದ್ದಿಯನ್ನು ಹೊರಗೆ ಮುಟ್ಟಿಸುವವರಾರು? ಅದಿರಲಿ. ಈ ಸಪ್ತಾಹದಲ್ಲಿ ಶಾಲೆಯ ಮಕ್ಕಳನ್ನು ಸಂಘದ ಮನೆಗೆ ಕರೆತರುವರು. ಅಲ್ಲಿ ಸ್ವಯಂಸೇವಕನೊಬ್ಬನು ಮಕ್ಕಳ ಕಣ್ಣೆದುರಿಗೇ ದಪ್ಪ ಅಂಗಿಯನ್ನೂ ಶಿರಸ್ತ್ರಾಣವನ್ನೂ ತೊಟ್ಟು, ಕೊನೆಗೆ ಉಸಿರಾಟದ ಮುಖವಾಡವನ್ನು ಹಾಕಿಕೊಂಡು, ನೆಲದ ಮೇಲೆ ಅಂಬೆಗಾಲಿಡುತ್ತ ಅವರ ಬಳಿಗೆ ಬರುವನು. ಮುಖವಾಡದ ಉಸಿರಿನ ಸದ್ದು ಭಯಂಕರವಾದದ್ದು; ಹೊಗೆ ತುಂಬಿದ ಕೋಣೆಯಲ್ಲಿ ಅದನ್ನು ಮೊದಲ ಸಲ ಕೇಳಿದ ಮಗುವು ರಕ್ಷಿಸಬಂದವನನ್ನೇ ರಾಕ್ಷಸನೆಂದು ಬಗೆದು ಮಂಚದಡಿಗೆ ನುಸುಳಿಕೊಳ್ಳುವುದುಂಟು. ಇದು ನಿಮ್ಮ ಬೀದಿಯ ಮಾಮನೇ, ಕೈ ಚಾಚು ಎಂದು ಕಲಿಸುವುದಕ್ಕಾಗಿ ಇಷ್ಟೆಲ್ಲ ಏರ್ಪಾಟು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠಹೇಳಿದವನು ನಾನು. ಇದಕ್ಕಿಂತ ಪ್ರಯೋಜನಕರವಾದ ಪಾಠವನ್ನು ನಾನು ನೋಡಿಲ್ಲ.

ಹಳ್ಳಿಗಾಡಿನ ಮನೆಗಳ ಹಾದಿಯಲ್ಲಿ ಹಸುರು ತಗಡಿನ ಮೇಲೆ ಬಿಳಿಯ ಅಂಕೆಗಳು ಕತ್ತಲೆಯಲ್ಲಿ ದೀಪ ಬಿದ್ದೊಡನೆ ಹೊಳೆಯುವುವು. ಇವನ್ನು ಮಾಡಿ ಹಂಚುವವರೂ ಎಷ್ಟೋ ಕಡೆ ಈ ಸಂಘದವರೇ. ಮರಗಳ ಮರೆಯಲ್ಲಿರುವ ಮನೆಯ ಸಂಖ್ಯೆ ಕಾಣದೆ ಬಂಡಿಯು ಮುಂದೆ ಹೋಗಿ ಹಿಂದಿರುಗಿದರೆ ಕಳೆಯುವ ಎರಡು ನಿಮಿಷಗಳ ಬೆಲೆ ಅವರಿಗೆ ಗೊತ್ತು. ಅಲ್ಲಿ ಕೊಳಾಯಿಯ ನೀರೂ ಇರುವುದಿಲ್ಲವಾದ್ದರಿಂದ ಬಂಡಿಗಳಲ್ಲಿಯೇ ನೀರನ್ನು ತಂದು, ಮಡಿಸಬಹುದಾದ ದೊಡ್ಡ ತೊಟ್ಟಿಯನ್ನು ರಸ್ತೆಯಲ್ಲಿ ಹರಡಿ ಅದಕ್ಕೆ ಸುರಿದು, ಬಂಡಿಗಳು ಕೆರೆಗೂ ಬೆಂಕಿಗೂ ನಡುವೆ ತಿರುಗುತ್ತಿರುವುವು. ಹೊಸಬನು ಇದನ್ನೆಲ್ಲ ಕಲಿಯಲು ೧೫೦ ಗಂಟೆಗಳಿಗೂ ಹೆಚ್ಚಿನ ಶಿಕ್ಷಣ ಬೇಕು. ಬಂಡಿಯ ಬೆಲೆಯಾದರೋ ಲಕ್ಷಗಟ್ಟಲೆ ಡಾಲರು. ಅದಕ್ಕೆ ಹಣವೆಲ್ಲಿಂದ? ಸರಕಾರದ ಸಹಾಯ ಕೊಂಚ; ಉಳಿದದ್ದಕ್ಕೆ ಭಾನುವಾರದ ಬೆಳಗ್ಗೆ ಸಂಘದ ಮನೆಯಲ್ಲಿ ದೋಸೆಯಂಥ ಸಿಹಿತಿಂಡಿಯನ್ನು ಹುಯ್ದು ಊರವರಿಗೆ ಮಾರುವರು. ಆ ಪಂಕ್ತಿಯಲ್ಲಿ ಕುಳಿತಾಗಲೇ ಬೂದಿಯ ಡಬ್ಬಿ, ಬಾಗಿಲು, ಬ್ಯಾಟರಿಗಳ ಮಾತು ಮನೆಮನೆಗೆ ಹೋಗುವುದು.

ಇಷ್ಟೆಲ್ಲ ಹೇಳಿದ ಮೇಲೆ, ಊರಿಗೆ ತಿಳಿವಳಿಕೆ ಹೇಳುವ ಸಂಘಕ್ಕೇ ತಿಳಿಯಬೇಕಾದದ್ದು ತಿಳಿಯದಿದ್ದರೆ ಏನಾಗುವುದೆಂಬುದನ್ನೂ ಹೇಳದೆ ವಿಧಿಯಿಲ್ಲ. ಟೆಕ್ಸಾಸ್ ಸಂಸ್ಥಾನದಲ್ಲಿ ವೆಸ್ಟ್ ಎಂಬ ಊರಿದೆ; ಹೆಸರು ಪಶ್ಚಿಮವೆಂದಾದರೂ ಊರಿರುವುದು ಸಂಸ್ಥಾನದ ನಡುವೆ. ಜನ ಮೂರು ಸಾವಿರಕ್ಕೂ ಕಡಮೆ. ೨೦೧೩ರ ಏಪ್ರಿಲ್ ೧೭ರ ಸಂಜೆ ಏಳೂವರೆಯ ಸುಮಾರಿಗೆ ಅಲ್ಲಿನ ಗೊಬ್ಬರದ ಮಳಿಗೆಯೊಂದರಲ್ಲಿ ಬೆಂಕಿ ಕಾಣಿಸಿಕೊಂಡಿತು. ಸ್ವಯಂಸೇವಕರು ಎಂದಿನಂತೆ ಓಡಿಬಂದರು. ಒಳಗೆ ಮರದ ಕಣಜಗಳಲ್ಲಿ ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕ ಗೊಬ್ಬರವಿದ್ದಿತು. ಹೊಲಕ್ಕೆ ಹಾಕಿದರೆ ಅದು ಪೈರಿನ ಆಹಾರ. ಮುಚ್ಚಿದೆಡೆಯಲ್ಲಿ ಬೆಂಕಿಯ ತಾಪಕ್ಕೆ ಸಿಕ್ಕಿದರೆ ಸಿಡಿಮದ್ದು. ಕರೆ ಬಂದು ಇಪ್ಪತ್ತು ನಿಮಿಷಗಳಾಗಿದ್ದವು, ಅಷ್ಟೆ, ಮಳಿಗೆಯು ಸಿಡಿಯಿತು. ಸತ್ತವರು ೧೫ ಮಂದಿ. ಅವರಲ್ಲಿ ೧೨ ಮಂದಿ ಬೆಂಕಿಯನ್ನು ಎದುರಿಸಹೋದವರು. ನೂರೈವತ್ತಕ್ಕೂ ಹೆಚ್ಚು ಕಟ್ಟಡಗಳು ಜಖಂಗೊಂಡವು. ಹತ್ತಿರದ ಶಾಲೆಯು ಸಂಜೆಯಾದ್ದರಿಂದ ಬರಿದಾಗಿದ್ದಿತು, ದೇವರ ದಯೆ. ರಾಸಾಯನಿಕ ಅಪಘಾತಗಳನ್ನು ಪರಿಶೀಲಿಸುವ ಕೇಂದ್ರ ಮಂಡಲಿಯು ೨೦೧೬ರಲ್ಲಿ ಪ್ರಕಟಿಸಿದ ವರದಿಯು, ಆ ಗೊಬ್ಬರವು ಹೀಗೆ ಸಿಡಿಯಬಲ್ಲದೆಂಬ ಶಿಕ್ಷಣವು ಆ ಜನಕ್ಕೆ ಸಾಕಷ್ಟು ದೊರೆತಿರಲಿಲ್ಲವೆಂದು ಹೇಳಿತು.

ಇದರಲ್ಲಿ ಭಾರತೀಯರಾದ ನಮ್ಮನ್ನು ಮುಟ್ಟುವ ಅಂಶವೊಂದಿದೆ. ೧೯೮೪ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಹರಡಿ ಸಹಸ್ರಾರು ಜನ ಮಡಿದರಷ್ಟೆ. ತಮ್ಮ ಬೇಲಿಯಾಚೆಯ ತೊಟ್ಟಿಯಲ್ಲಿ ಏನಿದೆಯೆಂಬುದು ಆ ಜನಕ್ಕೆ ತಿಳಿದಿರಲಿಲ್ಲ. ಆ ಸುದ್ದಿಯಿಂದ ಎಚ್ಚತ್ತ ಅಮೆರಿಕಾದವರು ೧೯೮೬ರಲ್ಲಿ ಒಂದು ಕಾಯಿದೆಯನ್ನು ಮಾಡಿದರು. ಅಪಾಯಕರ ರಾಸಾಯನಿಕಗಳನ್ನು ನಿಗದಿಯಾದ ಪ್ರಮಾಣಕ್ಕೆ ಮೀರಿ ಇಟ್ಟುಕೊಂಡವರು ಅವುಗಳ ಪಟ್ಟಿಯನ್ನು ವರ್ಷವರ್ಷವೂ ಸ್ಥಳೀಯ ಅಗ್ನಿಶಾಮಕ ಸಂಘಕ್ಕೆ ಕಳುಹಿಸತಕ್ಕದ್ದೆಂದೂ, ನೆರೆಹೊರೆಯವರು ಕೇಳಿದರೆ ತಿಳಿಸತಕ್ಕದ್ದೆಂದೂ ಅದರ ವಿಧಿ. ಹೀಗೆ ಭೋಪಾಲದ ಬಡವರ ಸಾವಿನಿಂದ ದೂರದ ಹಳ್ಳಿಗಳಿಗೆ ತಿಳಿಯುವ ಹಕ್ಕು ದೊರೆಯಿತು. ವೆಸ್ಟಿನಲ್ಲಿ ಕಾಯಿದೆಯಿದ್ದಿತು. ಪಟ್ಟಿಯೂ ಸರಕಾರಕ್ಕೆ ಹೋಗಿದ್ದಿತು. ಪಟ್ಟಿಯಲ್ಲಿದ್ದ ಹೆಸರು ಏನು ಮಾಡಬಲ್ಲದೆಂಬುದನ್ನು ಕುಳಿತು ವಿವರಿಸುವವರು ಇರಲಿಲ್ಲ. ಎರಡು ವರ್ಷಗಳ ತರುವಾಯ, ೨೦೧೫ರಲ್ಲಿ, ಟೆಕ್ಸಾಸ್ ಶಾಸನಸಭೆಯು ಆ ಗೊಬ್ಬರವನ್ನು ಸುಲಭವಾಗಿ ಉರಿಯುವ ವಸ್ತುಗಳಿಂದ ದೂರವಿಡಬೇಕೆಂದೂ, ಅಗ್ನಿಶಾಮಕರು ಮಳಿಗೆಯೊಳಕ್ಕೆ ಹೋಗಿ ನೋಡಬಹುದೆಂದೂ ವಿಧಿಸಿತು.

ಇತ್ತೀಚೆಗೆ ಸ್ವಯಂಸೇವಕರೇ ವಿರಳರಾಗುತ್ತಿದ್ದಾರೆ. ಪೆನ್ಸಿಲ್ವೇನಿಯಾ ಒಂದರಲ್ಲಿಯೇ ೧೯೭೦ರ ದಶಕದಲ್ಲಿ ಸುಮಾರು ೩ ಲಕ್ಷ ಮಂದಿಯಿದ್ದವರು ೨೦೧೮ರ ಹೊತ್ತಿಗೆ ಸುಮಾರು ೩೮ ಸಾವಿರಕ್ಕೆ ಇಳಿದಿದ್ದರೆಂದು ಅಲ್ಲಿನ ಶಾಸನಸಭೆಯ ಸಮಿತಿಯು ವರದಿಮಾಡಿತು. ಊರಿನ ಕಾರ್ಖಾನೆಗಳು ಮುಚ್ಚಿ ಜನರು ಐವತ್ತು ಮೈಲಿ ದೂರಕ್ಕೆ ಕೆಲಸಕ್ಕೆ ಹೋಗತೊಡಗಿದ ಮೇಲೆ, ಹಗಲಿನಲ್ಲಿ ಕೂಗು ಕೇಳಿದರೂ ಓಡಿಬರುವವರು ಯಾರು? ಶಿಕ್ಷಣದ ಗಂಟೆಗಳು ಹೆಚ್ಚಿದುದೂ, ದಂಪತಿಗಳಿಬ್ಬರೂ ದುಡಿಯಬೇಕಾದುದೂ ಬೇರೆ ಕಾರಣಗಳು. ಆದಕಾರಣ ಪಕ್ಕದ ಊರುಗಳ ಸಂಘಗಳು ಒಂದನ್ನೊಂದು ಕೂಡಿಕೊಳ್ಳುತ್ತಿವೆ. ಕೆಲವು ಕಡೆ ಹಗಲಿಗೆ ಮಾತ್ರ ಸಂಬಳದವರನ್ನು ಇಟ್ಟುಕೊಂಡಿದ್ದಾರೆ. ಬಂಡಿ ಇನ್ನೂ ದೂರದಿಂದ ಬರಬೇಕಾದಲ್ಲಿ, ಮೊದಲು ಹೇಳಿದ ಆ ಹತ್ತು ನಿಮಿಷಗಳು ಹದಿನೈದೂ ಆಗಬಹುದು.

ನಾನು ಹಿಂದಿರುಗುವ ವಾರದಲ್ಲಿ ಆ ಫಲಕದ ಮೇಲಿನ ಅಕ್ಷರಗಳನ್ನು ಮತ್ತೆ ಬದಲಿಸಿದ್ದರು. ಮೇಲಿನ ಸಾಲಿನಲ್ಲಿ ಹೊಗೆಗೂಡುಗಳನ್ನು ಗುಡಿಸಿಕೊಳ್ಳಿರೆಂದಿದ್ದಿತು. ಕೆಳಗಿನ ಸಾಲಿನಲ್ಲಿ, ಸಂಘಕ್ಕೆ ಸದಸ್ಯರು ಬೇಕಾಗಿದ್ದಾರೆ, ಸೋಮವಾರ ಸಂಜೆ ಏಳು ಗಂಟೆಗೆ ಬಾಗಿಲು ತೆರೆದಿರುವುದು ಎಂದಿದ್ದಿತು.