ಉರುಮೆ ಕೇಳಿದ ಕಿವಿಗೆ ಹೆವಿ ಮೆಟಲ್

ಹೆವಿ ಮೆಟಲ್ ತಂಡವೊಂದನ್ನು ಹೊಸಬರು ಅದರ ಯಾವ ಆಲ್ಬಂನಿಂದ ಕೇಳತೊಡಗಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ, ಮೊದಲ ಆಯ್ಕೆ ತಪ್ಪಿದರೆ ಅವರು ಇಡೀ ಸಂಗೀತ ಪ್ರಕಾರವನ್ನೇ ಗದ್ದಲವೆಂದು ಬದಿಗಿಡುವ ಸಂಭವವಿರುವುದರಿಂದ, ಅದನ್ನು ಕಾಳಜಿಯಿಂದ ವಿಚಾರಿಸಬೇಕಾಗುತ್ತದೆ. ಇಲ್ಲಿ ಆಲ್ಬಂ ಎಂದರೆ ತಂಡವೊಂದು ತಾನೇ ರಚಿಸಿ, ಒಂದಾದ ಮೇಲೊಂದು ಕೇಳಲೆಂದು ಜೋಡಿಸಿ ಹೊರತರುವ ಹಾಡುಗಳ ಗುಚ್ಛ. ಸಿನಿಮಾದ ಧ್ವನಿಸುರುಳಿಯಂತೆ ಅದಕ್ಕೆ ಕಥೆಯ, ದೃಶ್ಯದ ಹಂಗಿಲ್ಲ. ಈ ಪ್ರಕಾರಕ್ಕೆ ಕರ್ನಾಟಕದಲ್ಲಿ ನೆಲೆಯಿಲ್ಲವೆಂಬ ಭಾವನೆಯೂ ಸರಿಯಲ್ಲ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೆಟಾಲಿಕಾ ನುಡಿಸಿದ್ದವು; ಅದಕ್ಕೂ ಬಹಳ ಮೊದಲೇ, 1998ರಲ್ಲಿ, ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಅದೇ ನಗರದಲ್ಲಿ ಕ್ರಿಪ್ಟೋಸ್ ಎಂಬ ತಂಡವನ್ನು ಕಟ್ಟಿದ್ದರು.

ಓದಿಗೂ ಕೆಲಸಕ್ಕೂ ಬೆಂಗಳೂರಿನ ಬಸ್ಸು ಹತ್ತುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಯುವಜನರಿಗೆ ಈ ನಾದ ಅಂದುಕೊಂಡಷ್ಟು ಅಪರಿಚಿತವಲ್ಲ. ಈ ಸೀಮೆಯ ಗ್ರಾಮದೇವತೆಗಳ ಜಾತ್ರೆಗಳಲ್ಲಿ ತಮಟೆಯೊಡನೆ ಕೇಳಿಬರುವ ಉರುಮೆ ನಡು ಸಣ್ಣಗಿರುವ, ಎರಡು ಮುಖದ ಚರ್ಮವಾದ್ಯ. ಅದರ ಒಂದು ಮುಖವನ್ನು ಕಡ್ಡಿಯಿಂದ ಬಡಿದರೆ, ಇನ್ನೊಂದು ಮುಖದ ಮೇಲೆ ಬಾಗಿದ ಕಡ್ಡಿಯನ್ನು ಒತ್ತಿ ಉಜ್ಜುತ್ತಾರೆ. ಆಗ ಹೊರಡುವ, ನರಳುವಂತಹ ಆ ಮೊರೆತವು ಶುದ್ಧ ಸ್ವರವೂ ಅಲ್ಲ, ಬರಿಯ ಪೆಟ್ಟೂ ಅಲ್ಲ. ಹೆವಿ ಮೆಟಲ್ ಗಿಟಾರಿನ ಒರಟು ದನಿಯ ಗುಣವೂ ಇಂಥದ್ದೇ. ತಂತಿಯಿಂದ ಬಂದ ಸಂಕೇತವನ್ನು ಆಂಪ್ಲಿಫೈಯರ್, ಅಂದರೆ ದನಿಯನ್ನು ಹಿಗ್ಗಿಸುವ ಯಂತ್ರ, ತನ್ನ ಮಿತಿ ಮೀರಿ ಹಿಗ್ಗಿಸಲು ಹೋದಾಗ ನಾದದ ಅಲೆಯ ತುದಿ ಚಪ್ಪಟೆಯಾಗಿ, ಮೂಲ ಸ್ವರದ ಜೊತೆಗೆ ಹಲವು ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ಇದಕ್ಕೆ ಡಿಸ್ಟಾರ್ಷನ್ ಎಂದು ಹೆಸರು. ಈ ದನಿಗೆ ತೂಕ ತಂದವರಲ್ಲಿ ಮೊದಲಿಗರು ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಐಯೋಮಿ. ಕಾರ್ಖಾನೆಯ ಅವಘಡದಲ್ಲಿ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡಿದ್ದ ಅವರು, ಒತ್ತಲು ಸುಲಭವಾಗಲೆಂದು ಹಗುರ ತಂತಿಗಳನ್ನು ಬಳಸಿ, 1971ರ ಹೊತ್ತಿಗೆ ಅವುಗಳ ಶ್ರುತಿಯನ್ನೂ ಇಳಿಸಿದ್ದರಿಂದ, ತಂಡದ ನಾದ ಇನ್ನಷ್ಟು ಕೆಳಗಿಳಿದು ಭಾರವಾಯಿತು.

ಕ್ರಿಪ್ಟೋಸ್‌ನತ್ತ ಮರಳಿದರೆ, ಕಾಲಕ್ರಮವನ್ನು ಹಿಡಿದು 2004ರ ಸ್ಪೈರಲ್ ಅಸೆಂಟ್‌ನಿಂದ ಆರಂಭಿಸುವುದು ಸಹಜವೆನಿಸಬಹುದು, ಆದರೆ ಅದು ಸರಿಯಾದ ಬಾಗಿಲಲ್ಲ. ಹಲವು ಶೈಲಿಗಳ ನಡುವೆ ತನ್ನ ದಾರಿಯನ್ನು ಹುಡುಕುತ್ತಿದ್ದ ತಂಡದ ಆ ಮೊದಲ ಪ್ರಯತ್ನದ ಸ್ವಾರಸ್ಯ, ಮುಂದೆ ಆ ದಾರಿ ಎಲ್ಲಿಗೆ ತಲುಪಿತೆಂಬುದನ್ನು ಬಲ್ಲವರಿಗೆ ಮಾತ್ರ ಪೂರ್ಣವಾಗಿ ದಕ್ಕುತ್ತದೆ. ಹೊಸಬರು ಮೊದಲು ಕೇಳಬೇಕಾದದ್ದು 2016ರಲ್ಲಿ ಜರ್ಮನಿಯ ಎಎಫ್ಎಂ ರೆಕಾರ್ಡ್ಸ್ ಹೊರತಂದ ಬರ್ನ್ ಅಪ್ ದ ನೈಟ್. ಅದರ ಹಾಡುಗಳು ನೇರವಾಗಿವೆ, ಲಯ ಕಾಲಿಗೆ ತಕ್ಷಣ ಸಿಗುತ್ತದೆ, ಮತ್ತು ಪ್ರತಿ ಹಾಡಿನ ರಿಫ್, ಅಂದರೆ ಪಲ್ಲವಿಯಂತೆ ಮತ್ತೆ ಮತ್ತೆ ಮರಳುವ ಗಿಟಾರಿನ ಪುಟ್ಟ ಸ್ವರಗುಚ್ಛ, ಒಂದೇ ಕೇಳಿಕೆಗೆ ನೆನಪಿನಲ್ಲಿ ಕೂರುತ್ತದೆ. ಬಲ ಅಂಗೈಯ ಅಂಚನ್ನು ತಂತಿಗಳ ಬುಡಕ್ಕೆ ಮೆತ್ತಗೆ ಒತ್ತಿ ನುಡಿಸಿದಾಗ ಬರುವ ಜಗ್ ಜಗ್ ಎಂಬ ಮೊಟಕು ದನಿಯನ್ನೂ, ಒಂದು ಗಿಟಾರ್ ಷಡ್ಜ ಹಿಡಿದಾಗ ಇನ್ನೊಂದು ಗಾಂಧಾರ ಹಿಡಿದು ಎರಡೂ ಜೋಡೆತ್ತುಗಳಂತೆ ಹೆಜ್ಜೆ ತಪ್ಪದೆ ಸಾಗುವ ಬಗೆಯನ್ನೂ ಇಲ್ಲಿ ಬಿಡಿಬಿಡಿಯಾಗಿ ಗುರುತಿಸಬಹುದು. ಗಾಯಕರ ಕಂಠ ಒರಟಾಗಿದೆ ನಿಜ. ರಾಗವನ್ನು ಗಿಟಾರುಗಳೇ ಹೊತ್ತು ನಡೆಸುವುದರಿಂದ ಆ ಒರಟುತನಕ್ಕೆ ಕಿವಿ ಬೇಗನೆ ಒಗ್ಗುತ್ತದೆ.

ಅದಾದ ಮೇಲೆ 2012ರ ದ ಕಾಯಿಲ್ಸ್ ಆಫ್ ಅಪೋಲಿಯನ್‌ಗೆ ಹೋಗಬೇಕು. ಹೆಚ್ಚು ಗಾಢವೂ ಜಟಿಲವೂ ಆದ ಈ ಆಲ್ಬಂ ತಂಡದ ಅತ್ಯುತ್ತಮ ಕೃತಿ ಎಂಬುದು ಈ ಲೇಖನದ ನಿಲುವು. ಇದರ ಮರುವರ್ಷವೇ ತಂಡ ಜರ್ಮನಿಯ ಪ್ರಸಿದ್ಧ ವಾಕನ್ ಸಂಗೀತೋತ್ಸವದಲ್ಲಿ ನುಡಿಸಿತು. ಅತ್ಯುತ್ತಮವಾದದ್ದೇ ಮೊದಲ ಮೆಟ್ಟಿಲಾಗಬೇಕಿಲ್ಲ ಎಂಬುದಕ್ಕೆ ಈ ಆಲ್ಬಂಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2019ರ ಆಫ್ಟರ್‌ಬರ್ನರ್, 2021ರ ಫೋರ್ಸ್ ಆಫ್ ಡೇಂಜರ್, 2024ರ ಡೆಸಿಮೇಟರ್ ಇವು ಬರ್ನ್ ಅಪ್ ದ ನೈಟ್‌ನ ಹಾದಿಯಲ್ಲೇ ಸಾಗಿದವುಗಳಾದ್ದರಿಂದ ಯಾವ ಕ್ರಮದಲ್ಲಿ ಕೇಳಿದರೂ ನಷ್ಟವಿಲ್ಲ.

ಕನ್ನಡದ ಕೇಳುಗರಿಗೆ ಕನ್ನಡದ್ದೇ ಆಲ್ಬಂ ಪ್ರವೇಶದ್ವಾರವಾಗಬೇಕಲ್ಲವೇ ಎಂಬ ಪ್ರಶ್ನೆ ಏಳುವುದು ನ್ಯಾಯವೇ. ಅಂಥ ಆಲ್ಬಂ ಇದೆ ಎಂಬುದು ಹೆಮ್ಮೆಯ ಸಂಗತಿ: ಬೆಂಗಳೂರಿನ ದ್ವೇಷ ಎಂಬ ತಂಡ 2014ರಲ್ಲಿ ಹೊರತಂದ ಸ್ತೂಪ. ಹುಲಿಯನ್ನು ಹೊಡೆಯಲು ಗುರು ಸಳನಿಗೆ ಕೂಗಿ ಹೇಳಿದ ಮಾತಿನಿಂದ ಹೊಯ್ಸಳ ವಂಶದ ಹೆಸರು ಬಂದಿತೆಂಬ, ಶಾಲೆಯ ಮಕ್ಕಳೂ ಬಲ್ಲ ಐತಿಹ್ಯ ಇಲ್ಲಿ ಹಾಡಾಗಿದೆ. ಉಗ್ರ ನರಸಿಂಹನೂ ಹಾಡಾಗಿದ್ದಾನೆ. ಆದರೆ ಈ ತಂಡದ ಶೈಲಿ ಡೆತ್ ಮೆಟಲ್, ಅಂದರೆ ಗಂಟಲಾಳದಿಂದ ಗರ್ಜಿಸಿ ಹಾಡುವ, ಹೆವಿ ಮೆಟಲ್‌ನ ಅತಿ ಕಠೋರ ಕವಲುಗಳಲ್ಲೊಂದು. ಆ ಗರ್ಜನೆಯಲ್ಲಿ ಪದಗಳು ಹೊಸ ಕಿವಿಗೆ ಬಿಡಿಸಿಕೊಳ್ಳದೆ ಹೋಗುವುದರಿಂದ, ಭಾಷೆ ತನ್ನದಾಗಿದ್ದೂ ಹಾಡು ಪರಕೀಯವಾಗಿಯೇ ಉಳಿಯುವ ಅಪಾಯವಿದೆ. ಆದ್ದರಿಂದ ಸ್ತೂಪವನ್ನು ಕ್ರಿಪ್ಟೋಸ್‌ನ ಎರಡು ಆಲ್ಬಂಗಳ ನಂತರಕ್ಕೆ ಕಾದಿರಿಸುವುದು ಒಳಿತು. ಆ ಹೊತ್ತಿಗೆ ಕಿವಿ ಪಳಗಿರುತ್ತದೆ, ಗರ್ಜನೆಯ ನಡುವಿನಿಂದ ಕನ್ನಡದ ಪದವೊಂದು ಮೇಲೆದ್ದು ಬಂದಾಗ ಆಗುವ ರೋಮಾಂಚನವೂ ಪೂರ್ತಿ ದಕ್ಕುತ್ತದೆ.

ಇವನ್ನು ಮೊಬೈಲ್ ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡುವುದು ಮಾತ್ರ ಅನ್ಯಾಯ. ಬೇಸ್ ಗಿಟಾರಿನ ತಗ್ಗು ಸ್ವರಗಳೂ, ಎರಡೂ ಪಾದಗಳಿಂದ ತುಳಿದು ನುಡಿಸುವ ದೊಡ್ಡ ಡ್ರಮ್ಮಿನ ಗುದ್ದೂ ಅದರಲ್ಲಿ ಕೇಳಿಸುವುದೇ ಇಲ್ಲ. ಓದುಗರು ಸಾಧಾರಣ ಇಯರ್‌ಫೋನನ್ನಾದರೂ ಬಳಸಿ, ಬರ್ನ್ ಅಪ್ ದ ನೈಟ್ ಅನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ನಡುವೆ ನಿಲ್ಲಿಸದೆ, ಎರಡು ಬಾರಿ ಕೇಳಬೇಕು.