ಬೆಟ್ಟದತ್ತ ಕಣ್ಣೆತ್ತಿ ಹಾಡುವ ಮುನ್ನ

ಉದಕಮಂಡಲದಿಂದ ಕಲ್ಲಟ್ಟಿ ಮಾರ್ಗವಾಗಿ ಮಸಿನಗುಡಿಗೆ ಹೋಗಿಬಂದವರು ಆ 36 ತಿರುವುಗಳನ್ನು ಮರೆಯಲಾರರು. ಕೆಳಗಿನಿಂದ ಹತ್ತುವಾಗಲಂತೂ ಕಣ್ಣು ತಾನಾಗಿಯೇ ಬೆಟ್ಟದತ್ತ ಹೋಗುತ್ತದೆ. "ದೇವರೇ, ಕಾಪಾಡಪ್ಪಾ" ಎಂಬ ಮಾತು ತುಟಿಗೆ ಬರುತ್ತದೆ. ಕೀರ್ತನೆ 121 ಇಂಥ ದಾರಿಯವರ ಹಾಡು. 120ರಿಂದ 134ರವರೆಗಿನ 15 ಕೀರ್ತನೆಗಳನ್ನು ಜೆರುಸಲೇಮಿಗೆ ಹತ್ತಿ ಹೋಗುತ್ತಿದ್ದ ಯಾತ್ರಿಕರ ಗೀತೆಗಳೆಂದು ತಿಳಿಯುವುದು ವಾಡಿಕೆ.

ಹಿಂದೊಮ್ಮೆ ಬೆಟ್ಟದ ಊರೊಂದರಲ್ಲಿ ನಾವು ಈ ಕೀರ್ತನೆಗೆ ಹೊಸ ರಾಗ ಕೂಡಿಸಿ, ಎತ್ತರದ ಶ್ರುತಿಯಲ್ಲಿ ಗಾನವೃಂದದಿಂದ ಹಾಡಿಸಿದೆವು. ನಮಗೆ ಬಹಳ ಹೆಮ್ಮೆ. ಪೂಜೆ ಮುಗಿದ ಮೇಲೆ ಅಜ್ಜಿಯೊಬ್ಬರು ಬಂದು, "ಚೆನ್ನಾಗಿತ್ತು ಸ್ವಾಮಿ. ಆದರೆ ನನ್ನ ಮಗ ಈ ಘಾಟಿಯಲ್ಲಿ ಲಾರಿ ಓಡಿಸ್ತಾನೆ. ಆ ಮಾತು ನಾನೂ ಹೇಳಬೇಕಿತ್ತು, ಸ್ವರ ಎಟುಕಲಿಲ್ಲ" ಎಂದರು. ನಾವು ತಲೆತಗ್ಗಿಸಿದೆವು. ಅವರ ಪ್ರಾರ್ಥನೆಯನ್ನೇ ನಾವು ಕಸಿದುಕೊಂಡಿದ್ದೆವು!

ಮೊದಲು ಅರ್ಥ

ಈ ಕೀರ್ತನೆಯ ಆರಂಭದಲ್ಲಿ ಒಂದು ಪ್ರಶ್ನೆಯಿದೆ. ಬೆಟ್ಟದಿಂದ ನೆರವು ಬರುತ್ತದೆಂದು ಅದು ಹೇಳುವುದಿಲ್ಲ. ನೆರವು ಎಲ್ಲಿಂದ ಎಂದು ಕೇಳುತ್ತದೆ. ಬೆಟ್ಟವನ್ನೂ ಉಂಟುಮಾಡಿದ ಸರ್ವೇಶ್ವರನಿಂದ ಎಂಬುದೇ ಉತ್ತರ. ಮೂರನೆಯ ವಚನದಿಂದ "ನಾನು" ಹೋಗಿ "ನೀನು" ಬರುತ್ತದೆ. ಒಬ್ಬನ ಅಂಜಿಕೆಗೆ ಮತ್ತೊಂದು ದನಿ ಧೈರ್ಯ ಹೇಳುತ್ತದೆ. ಅಲ್ಲಿಂದ ಕೊನೆಯವರೆಗೆ "ಕಾಯು" ಎಂಬ ಹಿಬ್ರೂ ಪದ ಆರು ಬಾರಿ ಬರುತ್ತದೆ. ಮನೆಯಿಂದ ಹೊರಡುವುದನ್ನೂ ಮರಳಿ ಬರುವುದನ್ನೂ ದೇವರು ಕಾಯುವರೆಂಬ ಭರವಸೆಯೊಂದಿಗೆ ಕೀರ್ತನೆ ಮುಗಿಯುತ್ತದೆ. ಅಜ್ಜಿಗೆ ಬೇಕಾಗಿದ್ದುದು ಅದೇ.

ಆಮೇಲೆ ರಾಗ

ಆದ್ದರಿಂದ ಗಾನವೃಂದದ ಗೆಳೆಯರೇ, ಅಭ್ಯಾಸಕ್ಕೆ ಕೂತಾಗ ಹಾರ್ಮೋನಿಯಂ ಮುಟ್ಟುವ ಮುನ್ನ ಹಾಡನ್ನು ನಿಧಾನವಾಗಿ ಓದಿ. ಯಾರು ಯಾರಿಗೆ ಹೇಳುತ್ತಿದ್ದಾರೆಂದು ಕೇಳಿಕೊಳ್ಳಿ. ಮೊದಲೆರಡು ವಚನಗಳನ್ನು ಒಬ್ಬರು ಹಾಡಲಿ, ಮುಂದಿನದನ್ನು ಇನ್ನೊಬ್ಬರು ಹಾಡಲಿ. ಆಗ ಪ್ರಶ್ನೆ ಉತ್ತರಗಳು ಜನರ ಕಿವಿಗೆ ಸ್ಪಷ್ಟವಾಗುತ್ತವೆ. ಪಲ್ಲವಿ ಜನರದು. ಅದನ್ನು ಅಜ್ಜಿಯರ ಕಂಠಕ್ಕೂ ಎಟುಕುವ ಶ್ರುತಿಯಲ್ಲಿ ಒಮ್ಮೆ ಹಾಡಿ ತೋರಿಸಿ. ಜನರು ಎತ್ತಿಕೊಂಡೊಡನೆ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿಯಿರಿ. ಭಕ್ತಜನರು ಅರಿತು, ಪೂರ್ಣವಾಗಿ, ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಯ ಸಂವಿಧಾನದಲ್ಲಿ ಸಾರಿದ್ದು ಇದನ್ನೇ ಅಲ್ಲವೇ?

ಎತ್ತಿದ ಕೈಗಳು

ಮೂರನೆಯ ವರ್ಷದ ಸಾಧಾರಣ ಕಾಲದ 29ನೆಯ ಭಾನುವಾರ ಈ ಕೀರ್ತನೆಯನ್ನು ಹಾಡುತ್ತೇವೆ. ಅಂದಿನ ಮೊದಲ ವಾಚನದಲ್ಲಿ ಮೋಶೆ ಗುಡ್ಡದ ಮೇಲೆ ಕೈಯೆತ್ತಿ ನಿಂತಿದ್ದಾನೆ. ಕೈ ಸೋತಾಗ ಆರೋನನೂ ಹೂರನೂ ಆಚೆ ಈಚೆ ನಿಂತು ಆಧಾರ ಕೊಡುತ್ತಾರೆ. ಹಾಡು ನಡೆಸುವವರ ಕೆಲಸವೂ ಇದೇ. ಸೋತವರ ದನಿಗೆ ನಮ್ಮ ದನಿ ಆಸರೆಯಾಗಬೇಕು, ಅದನ್ನು ಮುಚ್ಚಿಹಾಕಬಾರದು.

ಮುಂದಿನ ಭಾನುವಾರ ಪಲ್ಲವಿ ಹಾಡಿಸುವಾಗ ಒಮ್ಮೆ ಕೊನೆಯ ಸಾಲಿನತ್ತ ನೋಡೋಣ. ಘಾಟಿ ಇಳಿದ ಮಗನಿಗಾಗಿ ಕಾದಿರುವ ತಾಯಿಯೊಬ್ಬಳು ಅಲ್ಲಿದ್ದಾಳು. ಅವಳ ತುಟಿ ಅಲುಗಿದರೆ ನಮ್ಮ ಸೇವೆ ಸಾರ್ಥಕ.